ಸೆಮಿಫೈನಲ್ಲಿಗೆ ಮುಂಚಿನ ಭಾನುವಾರ

ನನ್ನ ಮದುವೆಯಾದ ಮೊದಲ ವರ್ಷಗಳಲ್ಲಿ ಅಣ್ಣನಿಗೂ ನನ್ನ ಗಂಡನಿಗೂ ಮಾತಾಡಲು ವಿಷಯವೇ ಇರಲಿಲ್ಲ. ಅಣ್ಣ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಗಂಡನಿಗೆ ಇಲ್ಲಿ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ. ಅಣ್ಣ ಮನೆಗೆ ಬಂದರೆ ಇಬ್ಬರೂ ಮಳೆಯ ಬಗ್ಗೆ ಎರಡು ಮಾತು, ಕರೆಂಟಿನ ಬಗ್ಗೆ ಎರಡು ಮಾತು ಆಡಿ ಗೋಡೆ ನೋಡುತ್ತ ಕೂರುತ್ತಿದ್ದರು. ಆಮೇಲೆ ಅಣ್ಣನ ಮಗಳು ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಹಿಡಿದಳು. ನನ್ನ ಗಂಡ ಕಾಲೇಜಿನಲ್ಲಿ ಅದೇ ಆಟ ಆಡಿದವರು, ಚಳ್ಳಕೆರೆ ತಂಡದ ಪಂದ್ಯ ಒಂದನ್ನೂ ಬಿಡದವರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮೌನ ಎಂಬುದೇ ಇಲ್ಲವಾಯಿತು.

ಅಣ್ಣ ಜೀವನದಲ್ಲಿ ಒಮ್ಮೆಯೂ ಆ ಚೆಂಡನ್ನು ಮುಟ್ಟಿದವನಲ್ಲ. ಆದರೆ ಹೆಂಡತಿ ತೀರಿಕೊಂಡ ಮೇಲೆ ಮಗಳೊಬ್ಬಳೇ ಅವನ ಪ್ರಪಂಚ, ಅವಳ ಆಟವೇ ಅವನ ಆಟ. ಮಗ್ಗದ ಪಕ್ಕದ ಕಿಟಕಿಯಲ್ಲಿ ಫೋನ್ ನಿಲ್ಲಿಸಿಕೊಂಡು, ನೇಯುತ್ತಲೇ ಯಾವ ಯಾವುದೋ ದೇಶದ ಪಂದ್ಯಗಳನ್ನು ನೋಡಿ ನಿಯಮಗಳನ್ನೆಲ್ಲ ಕಲಿತ. ಮಗಳು ಡಿಗ್ರಿಗೆ ಬರುವ ಹೊತ್ತಿಗೆ ಮೊಳಕಾಲ್ಮೂರು ಹುಡುಗಿಯರ ತಂಡದಲ್ಲಿ ಚೆಂಡು ಹಂಚುವವಳು ಅವಳೇ ಆಗಿದ್ದಳು.

ಆ ವರ್ಷ ಜಿಲ್ಲೆಯ ಹುಡುಗಿಯರ ಲೀಗ್‌ನ ಸೆಮಿಫೈನಲ್ ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಬಿತ್ತು. ಮೂರು ಪಂದ್ಯ, ಎರಡು ಗೆದ್ದವರು ಫೈನಲ್ಲಿಗೆ. ಮೊದಲ ಪಂದ್ಯಕ್ಕೆ ಇನ್ನೂ ಒಂದು ವಾರ ಇತ್ತು. ಆ ಭಾನುವಾರ ಅಣ್ಣ ಬೆಳಗಿನ ಬಸ್ಸಿಗೇ ಬಂದಿಳಿದ. ನನ್ನನ್ನು ನೋಡಲು ಬಂದೆ ಅಂದ. ಚಪ್ಪಲಿ ಬಿಡುವ ಮೊದಲೇ, ಬಾವ ಎಲ್ಲಿ ಎಂದು ಕೇಳಿದ.

ಕೋಳಿ ಸಾರು, ಮುದ್ದೆ ಮಾಡಿದ್ದೆ. ಊಟಕ್ಕೆ ಕೂತಲ್ಲಿಂದಲೇ ಶುರುವಾಯಿತು. ರಿಂಗಿನ ಕೆಳಗೆ ನಿಲ್ಲುವ ನಮ್ಮೂರಿನ ಎತ್ತರದ ಹುಡುಗಿಯ ಕೈ ದಾಟಿ ಒಂದು ಚೆಂಡೂ ಹೋಗುವುದಿಲ್ಲ, ರಿಬೌಂಡ್ ಎಲ್ಲ ನಮ್ಮದೇ ಎಂದು ಗಂಡ ಹೇಳಿದರು. ಎತ್ತರದವರಿಗೆ ಕೊನೆಯ ಕ್ವಾರ್ಟರಿನಲ್ಲಿ ಉಸಿರು ಹತ್ತುತ್ತದೆ, ನಮ್ಮ ಹುಡುಗಿಯರು ಗುಡ್ಡ ಹತ್ತಿ ಇಳಿದು ಬೆಳೆದವರು, ಓಡಿ ಓಡಿಯೇ ನಿಮ್ಮವರನ್ನು ಸುಸ್ತು ಮಾಡುತ್ತಾರೆ ಎಂದು ಅಣ್ಣ. ಕಳೆದ ಸಲ ಓಡಿ ಓಡಿಯೇ ನಿಮ್ಮ ಇಬ್ಬರು ಫೌಲ್ ಮೇಲೆ ಫೌಲ್ ಮಾಡಿ ಹೊರಗೆ ಕೂತರಲ್ಲ ಎಂದು ಗಂಡ. ಅದು ಅಂಪೈರನ ಕಣ್ಣಿನ ದೋಷ ಎಂದು ಅಣ್ಣ. ಮೊದಲ ಪಂದ್ಯ ಮೊಳಕಾಲ್ಮೂರಿನ ಸಿಮೆಂಟ್ ಅಂಕಣದಲ್ಲಿ, ಅಲ್ಲಿ ಸಂಜೆ ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ದೂರದ ಶಾಟ್ ಹೇಗೆ ಎಸೆಯಬೇಕು ಎಂಬುದು ಅಲ್ಲಿನವರಿಗಷ್ಟೇ ಗೊತ್ತು. ಇದನ್ನು ಅಣ್ಣ ಗಾಳಿಯನ್ನು ತಾನೇ ಸಾಕಿ ಬೆಳೆಸಿದ ಹಾಗೆ ಹೇಳಿದ. ಫ್ರೀ ಥ್ರೋ ಮಾತು ಬಂದಾಗ ನನ್ನ ಗಂಡ ತುಸು ಸೋತರು. ನಮ್ಮ ಹುಡುಗಿಯರು ಅದರಲ್ಲಿ ಹಿಂದೆ.

ಊಟ ಮುಗಿದ ಮೇಲೆ ಅಣ್ಣ ತಟ್ಟೆಯಲ್ಲಿದ್ದ ಈರುಳ್ಳಿ ಹೋಳುಗಳನ್ನೂ ಹಸಿಮೆಣಸಿನಕಾಯಿಗಳನ್ನೂ ನೆಲದ ಮೇಲೆ ಜೋಡಿಸಿದ. ಈರುಳ್ಳಿ ಅವನ ತಂಡ, ಮೆಣಸಿನಕಾಯಿ ನಮ್ಮದು. ನಾನು ಚಹಾ ತಂದು ಇಬ್ಬರ ಮುಂದೆ ಇಟ್ಟೆ. ತನ್ನ ಮಗಳು ಚೆಂಡನ್ನು ಎಲ್ಲಿಂದ ಎಲ್ಲಿಗೆ ದಾಟಿಸುತ್ತಾಳೆ ಎಂದು ಅವನು ತೋರಿಸುತ್ತಿದ್ದ.

"ನೋಡಿ ಬಾವಾ, ಇವ್ಳು ಇಲ್ಲಿಂದ ಮೊಟ್ಟೆ ಹಿಡ್ಕಂಡು ಬರ್ತಾಳೆ," ಅಂದ.

ಗಂಡ ನಕ್ಕರು. ನಾನೂ ನಕ್ಕೆ. ಅಣ್ಣ ನಗಲಿಲ್ಲ. ಮತ್ತೆ "ಮೊಟ್ಟೆ" ಅಂದ, ತಾನೇ ಹುಬ್ಬು ಗಂಟಿಕ್ಕಿದ, ಇನ್ನೊಂದು ಶಬ್ದ ಹುಡುಕಿದ. ಬಂದದ್ದು ಶಬ್ದವೇ ಅಲ್ಲ, ಬಾಯಲ್ಲಿ ಬಟ್ಟೆ ತುರುಕಿದವನ ಸದ್ದು. ಸೋಲುವ ಭಯಕ್ಕೆ ಈಗಲೇ ನಾಲಗೆ ತೊದಲುತ್ತಿದೆಯಾ ಎಂದು ಗಂಡ ಚುಚ್ಚಿದರು. ಅಣ್ಣ ಚಹಾದ ಲೋಟ ಎತ್ತಲು ಹೋದ. ಬಲಗೈ ಲೋಟದವರೆಗೆ ಹೋಗಿ, ಅದನ್ನು ತಳ್ಳಿ, ನೆಲದ ಮೇಲೆ ಬಿತ್ತು. ಚಹಾ ಈರುಳ್ಳಿ ಹೋಳುಗಳ ನಡುವೆ ಹರಿಯಿತು. ಅವನು ಅದನ್ನೇ ನೋಡುತ್ತಿದ್ದ. ಬಾಯಿಯ ಬಲ ಮೂಲೆ ಜಾರಿಹೋಗಿತ್ತು.

ಭಯ ಎಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಅವತ್ತು ಎದೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಣ್ಣಾ ಎಂದು ಕರೆದೆ. ಅವನು ನನ್ನ ಕಡೆ ತಿರುಗಿದ. ಆ ಕಣ್ಣಲ್ಲಿ ಇದ್ದದ್ದೂ ಭಯವೇ. ತನಗೆ ಏನಾಗುತ್ತಿದೆ ಎಂದು ಅವನಿಗೆ ಪೂರ್ತಿ ತಿಳಿಯುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ.

ಗಂಡ ಬೀದಿಗೆ ಓಡಿದರು. ನಮ್ಮ ಸಾಲಿನ ಕೊನೆಯಲ್ಲಿ ಒಬ್ಬ ಸಾಬರ ಗ್ಯಾರೇಜಿದೆ, ಭಾನುವಾರವೂ ಅವರು ಅಲ್ಲಿರುತ್ತಾರೆ. ಸಾಬರು ರಿಪೇರಿಗೆ ಬಂದಿದ್ದ ಯಾರದೋ ಕಾರನ್ನೇ ತಂದು ಬಾಗಿಲಿಗೆ ನಿಲ್ಲಿಸಿದರು. ಒಳಗೆ ಬಂದು ಅಣ್ಣನ ಮುಖ ನೋಡಿದವರೇ, ತಮ್ಮ ತಂದೆಗೂ ಹೀಗೇ ಆಗಿತ್ತು ಅಂದರು.

"ಆಪಾ, ಇದು ಲಕ್ವ. ನೀರೂ ಕುಡಿಸ್ಬೇಡಿ, ಏನೂ ಬ್ಯಾಡ. ಮೊದ್ಲು ಎತ್ತಿ."

ಲಕ್ವ ಎಂಬ ಶಬ್ದ ಕೇಳಿದ್ದೇ ನಾನು ಅಳತೊಡಗಿದೆ. ನನಗೆ ಗೊತ್ತಿದ್ದ ಲಕ್ವ ಎಂದರೆ ಜಗಲಿಯ ಮೇಲೆ ವರ್ಷಗಟ್ಟಲೆ ಮಲಗಿದವರು. ಕಾರಿನಲ್ಲಿ ಅಣ್ಣನ ಬಲಗೈ ನನ್ನ ತೊಡೆಯ ಮೇಲೆ ಇತ್ತು. ಮಗ್ಗದ ಲಾಳಿ ಎಸೆಯುವ ಕೈ. ಒದ್ದೆ ಬಟ್ಟೆಯ ಹಾಗೆ ಭಾರವಾಗಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದವರು ತಡಮಾಡದೆ ಚಿತ್ರದುರ್ಗಕ್ಕೆ ಕಳಿಸಿದರು, ಅಲ್ಲಿ ತಲೆಯ ಸ್ಕ್ಯಾನ್ ಮಾಡುತ್ತಾರೆಂದು. ಆಂಬುಲೆನ್ಸಿನಲ್ಲಿ ಅಣ್ಣನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ನಿದ್ದೆ ಹೋಗಲು ಬಿಡಬೇಡಿ, ಮಾತಾಡಿಸುತ್ತಿರಿ ಎಂದು ಜೊತೆಗಿದ್ದ ನರ್ಸ್ ಹೇಳಿದರು. ನನಗೆ ಒಂದು ಮಾತೂ ಹೊಳೆಯಲಿಲ್ಲ. ಅಣ್ಣಾ ಎಂದು ಕರೆಯುವುದು, ಅಳುವುದು, ಇಷ್ಟೇ. ನನ್ನ ಗಂಡ ಅವನ ಎಡಗೈ ಹಿಡಿದುಕೊಂಡು, ಮುಖದ ಹತ್ತಿರ ಬಾಗಿ, ನಿಲ್ಲಿಸಿದಲ್ಲಿಂದಲೇ ವಾದ ಮುಂದುವರಿಸಿದರು. ಅಷ್ಟು ವರ್ಷ ಬಹುವಚನ ಬಿಡದ ಮನುಷ್ಯ ಅವತ್ತು ಏಕವಚನಕ್ಕೆ ಇಳಿದರು.

"ಬಾವಾ, ಕಣ್ಣು ಬಿಡು. ನಿಮ್ಮೋರು ಸೋಲ್ತಾರೆ ಕಣೋ. ಎರಡೂ ಮ್ಯಾಚ್ ಸೋಲ್ತಾರೆ, ಮೂರ್ನೇದು ಬೇಕಾಗಲ್ಲ. ಅಲ್ಲ ಅನ್ನು ನೋಡಾನ."

ಅಣ್ಣ ಕಣ್ಣು ಬಿಟ್ಟ. ತಲೆಯನ್ನು ನಿಧಾನವಾಗಿ ಆಚೆ ಈಚೆ ಆಡಿಸಿದ. ಅಲ್ಲ. ಹಾಗಾದರೆ ಎತ್ತರದ ಹುಡುಗಿಗೆ ಯಾರನ್ನು ಅಡ್ಡ ಹಾಕುತ್ತೀಯ ಎಂದು ಗಂಡ ಕೇಳಿದರು. ಅವಳು ಒಂದೇ ಪಂದ್ಯದಲ್ಲಿ ಎಷ್ಟು ರಿಬೌಂಡ್ ಹಿಡಿದಿದ್ದಳು, ನಿಮ್ಮ ಗಾಳಿ ಅವಳಿಗೇನು ಮಾಡುತ್ತದೆ ಎಂದು ಕೆಣಕುತ್ತಲೇ ಹೋದರು. ಅಣ್ಣ ರೆಪ್ಪೆ ಬಡಿದ, ತಲೆಯಾಡಿಸಿದ, ಒಮ್ಮೆ ಸಿಟ್ಟಿನಿಂದ ಗುರ್ ಎಂದ. ಗಂಡನ ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ವಾದ ಮಾತ್ರ ನಿಲ್ಲಲಿಲ್ಲ. ಕಿಟಕಿಯಲ್ಲಿ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಂಡಾಗ, ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ಎಂದು ನನಗೆ ನಾನೇ ಹೇಳಿಕೊಂಡೆ. ಅವು ಹತ್ತಿರ ಬರುತ್ತಲೇ ಇರಲಿಲ್ಲ.

ಅಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು, ಇದು ಯಾವಾಗ ಶುರುವಾಯಿತು ಎಂದು. ನಾನು ಮಧ್ಯಾಹ್ನ ಅಂದೆ. ಅದು ಸಾಲದು, ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಎಂದರು. ಗಂಡ ಮುಂದೆ ಬಂದು ಒಂದೊಂದೇ ಬಿಡಿಸಿ ಹೇಳಿದರು. ಅಂಪೈರ್ ಮಾತು ಬಂದಾಗ ಸರಿ ಇದ್ದರು, ಫ್ರೀ ಥ್ರೋ ಮಾತಿನಲ್ಲಿ ತಮ್ಮನ್ನು ಸೋಲಿಸಿದರು, ಈರುಳ್ಳಿ ಜೋಡಿಸುವಾಗಲೂ ಸರಿ, ಚಹಾ ಬಂದ ಮೇಲೆ ಚೆಂಡಿಗೆ ಮೊಟ್ಟೆ ಅಂದರು. ಡಾಕ್ಟರಮ್ಮ ಒಂದು ಗಳಿಗೆ ಅವರ ಮುಖವನ್ನೇ ನೋಡಿದರು, ಆಮೇಲೆ ಬರೆದುಕೊಂಡರು.

ಸ್ಕ್ಯಾನ್ ಆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ, ಸಮಯ ಮೀರಿಲ್ಲ. ಆದರೆ ಕೆಲವರಿಗೆ ಅದರಿಂದಲೇ ತಲೆಯೊಳಗೆ ರಕ್ತ ಸೋರಬಹುದು, ಆಗ ಉಳಿಸುವುದು ಕಷ್ಟ. ಒಪ್ಪಿಗೆಯ ಸಹಿ ಬೇಕು. ಸುದ್ದಿ ತಿಳಿದು ಹೊರಟ ಅವನ ಮಗಳು ಇನ್ನೂ ಬಸ್ಸಿನಲ್ಲಿದ್ದಳು. ಫೋನ್ ಮಾಡಿದರೆ ಸಿಗಲಿಲ್ಲ. ರಕ್ತಸಂಬಂಧಿ ಅಂತ ಅಲ್ಲಿದ್ದವಳು ನಾನೊಬ್ಬಳೇ.

ಪೆನ್ನು ಕೈಗೆ ಬಂತು. ನಾಳೆ ಆ ಹುಡುಗಿ, ಅತ್ತೆ ನೀನು ಯಾಕೆ ಸಹಿ ಹಾಕಿದೆ ಎಂದು ಕೇಳಿದರೆ? ಹಾಕದೇ ಹೋಗಿ ಅವನು ಮಾತೇ ಇಲ್ಲದೆ ಉಳಿದರೆ? ಗಂಡನ ಕಡೆ ನೋಡಿದೆ. ಅವರು ನನ್ನ ಭುಜದ ಮೇಲೆ ಕೈ ಇಟ್ಟರು. ಸಹಿ ಹಾಕಿದೆ. ಅದು ನನ್ನ ಸಹಿಯ ಹಾಗೆ ಇರಲಿಲ್ಲ.

ಸಂಜೆ ಹೊತ್ತಿಗೆ ಅಣ್ಣನ ಮಗಳು, ನನ್ನ ಸೊಸೆ, ಬಂದಳು. ಪ್ರಾಕ್ಟೀಸಿನಿಂದ ನೇರ ಬಸ್ ಹತ್ತಿದ್ದಳು, ಕಾಲಲ್ಲಿ ಆಟದ ಶೂ ಹಾಗೇ ಇತ್ತು. ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲಾಚೆ ನಿಂತು ಅಪ್ಪನನ್ನು ನೋಡಿದಳು. ನಾನು ಸಹಿ ಹಾಕಿದ್ದನ್ನು ಹೇಳಿದೆ. ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡಳು. ನರ್ಸ್ ಹೊರಬಂದಾಗಲೆಲ್ಲ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ಅವರು ಬೇರೆ ಯಾರನ್ನೋ ಕರೆದಾಗ ಕೂರುತ್ತಿದ್ದೆವು.

ಬೆಳಗಾದ ಮೇಲೆ ಒಳಗೆ ಬಿಟ್ಟರು. ಅಣ್ಣ ಎಚ್ಚರವಿದ್ದ. ಬಲಗೈಯ ಬೆರಳು ಅಲುಗುತ್ತಿದ್ದವು, ಅಷ್ಟೇ. ನಾನು ಕನ್ನಡದಲ್ಲಿ ಮಾತಾಡಿಸಿದೆ, ಹೇಗಿದ್ದೀಯ, ನೋವಿದೆಯಾ ಎಂದು. ತುಟಿ ಆಡಿತು, ಮಾತು ಬರಲಿಲ್ಲ. ಆಗ ಸೊಸೆ ತೆಲುಗಿನಲ್ಲಿ ನಾನ್ನಾ ಎಂದು ಕರೆದಳು. ನಮ್ಮ ತವರಿನಲ್ಲಿ ಮನೆಯೊಳಗೆ ತೆಲುಗು, ಬಾಗಿಲು ದಾಟಿದರೆ ಕನ್ನಡ. ನಾನು ಚಳ್ಳಕೆರೆಗೆ ಬಂದ ಮೇಲೆ ಒಳಗೂ ಹೊರಗೂ ಕನ್ನಡವೇ ಆಗಿಬಿಟ್ಟಿತ್ತು. ಅವಳು ಅಳುತ್ತ, ತಾನು ಭಾನುವಾರ ಆಡುವುದಿಲ್ಲ, ಇಲ್ಲೇ ಇರುತ್ತೇನೆ ಅಂದಳು. ಅಣ್ಣನ ಮುಖ ಬಿಗಿಯಿತು. ಗಂಟಲಲ್ಲಿ ಏನೋ ಕಟ್ಟಿದ್ದನ್ನು ತಳ್ಳುವವನ ಹಾಗೆ ಒದ್ದಾಡಿದ.

"ಪೋ," ಅಂದ. ಸ್ವಲ್ಪ ಹೊತ್ತಿನ ಮೇಲೆ, "ಆಡು."

ಹೋಗು, ಆಡು. ಒಂದು ಶಬ್ದ ತೆಲುಗಿನದು, ಇನ್ನೊಂದು ಎರಡೂ ಭಾಷೆಯದು. ಮೊದಲು ಕಲಿತ ಭಾಷೆಯೇ ಕೆಲವರಿಗೆ ಮೊದಲು ಮರಳುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಖುಷಿಪಡಬೇಕಾದ ಗಳಿಗೆ ಅದು. ನನಗೆ ಬಂದದ್ದು ಹೊಸ ಭಯ. ಕನ್ನಡ ಮರಳದೇ ಹೋದರೆ ನನ್ನ ಗಂಡನ ಜೊತೆ ಅವನು ಮಾತಾಡುವುದು ಹೇಗೆ ಎಂದು.

ಸೊಸೆ ಭಾನುವಾರ ಆಡಲು ಹೋದಳು. ಅವಳಿಗೆ ಧೈರ್ಯವಾಗಿರಲಿ ಎಂದು ನನ್ನ ಗಂಡನೂ ಹೋದರು. ನಾನು ಅಣ್ಣನ ಮಂಚದ ಪಕ್ಕದಲ್ಲಿ ಉಳಿದೆ. ಗಂಡ ಮೈದಾನದಿಂದ ಫೋನ್ ಮಾಡಿ ನಡೆದದ್ದನ್ನು ಹೇಳುತ್ತಿದ್ದರು. ಫೋನನ್ನು ಅಣ್ಣನ ಕಿವಿಗೆ ಹಿಡಿಯಬೇಕೋ ಬೇಡವೋ ತಿಳಿಯದೆ ಒದ್ದಾಡಿದೆ. ಉದ್ವೇಗವಾದರೆ ಮತ್ತೆ ಏನಾದರೂ ಆದೀತು. ನರ್ಸನ್ನು ಕೇಳಿದೆ, ಮೆಲ್ಲಗೆ ಕೇಳಿಸಿ ಅಂದರು. ಕೇಳಿಸಿದೆ. ಅವನ ಕಣ್ಣು ಹೊಳೆದಾಗಲೆಲ್ಲ ಬಾಯಿಯ ಮೂಲೆ ನೋಡುತ್ತಿದ್ದೆ, ಜಾರಿತಾ ಎಂದು. ಮೊಳಕಾಲ್ಮೂರು ಗೆದ್ದಾಗ ಅವನು ಎಡಗೈಯಿಂದ ಹಾಸಿಗೆ ತಟ್ಟಿದ. ನಾನು ಆ ಕೈಯನ್ನು ಹಿಡಿದು ನಿಲ್ಲಿಸಿಬಿಟ್ಟೆ.

ಉಳಿದ ಎರಡೂ ಪಂದ್ಯ ಚಳ್ಳಕೆರೆ ಗೆದ್ದಿತು. ಅಷ್ಟರಲ್ಲಿ ಅಣ್ಣನನ್ನು ನಮ್ಮ ಮನೆಗೇ ಕರೆತಂದಿದ್ದೆವು. ಕೊನೆಯ ಪಂದ್ಯ ಮುಗಿಸಿ ಬಂದ ಗಂಡ, ಗೆದ್ದ ಸುದ್ದಿಯನ್ನು ಹೇಳದೆ, ಚೆನ್ನಾಗಿ ಆಡಿದರು, ಎರಡೂ ಕಡೆಯವರು ಚೆನ್ನಾಗಿ ಆಡಿದರು ಎಂದು ತೇಲಿಸಿದರು. ಅಣ್ಣನಿಗೆ ಸಿಟ್ಟು ಬಂತು. ರೋಗಿಯನ್ನು ನೋಡಿ ಕನಿಕರಪಟ್ಟು ಆಡಿದ ಮಾತು ಅದು ಎಂದು ತಿಳಿಯದಷ್ಟು ಅವನ ಬುದ್ಧಿ ಮಂಕಾಗಿರಲಿಲ್ಲ. ಅರ್ಧ ತೆಲುಗು, ಅರ್ಧ ಕನ್ನಡ, ನಡುನಡುವೆ ತಪ್ಪು ಶಬ್ದ. ಅಂಪೈರನಿಗೆ ಏನೋ ಪಾತ್ರೆಯ ಹೆಸರು ಹೇಳಿದ. ಎತ್ತರದ ಹುಡುಗಿ ಗೆರೆ ತುಳಿದದ್ದನ್ನು ಯಾರೂ ಹಿಡಿಯಲಿಲ್ಲ ಎಂಬುದು ಅವನ ವಾದ. ಮಗಳು ಫೋನಿನಲ್ಲಿ ಹೇಳಿರಬೇಕು.

ಗಂಡ ನನ್ನ ಕಡೆ ನೋಡಿದರು. ಆಮೇಲೆ ಗೋಡೆಗೊರಗಿ ಕೂತು, ಗೆರೆ ತುಳಿದಿಲ್ಲ, ನಾನೇ ಕಣ್ಣಾರೆ ನೋಡಿದೆ ಎಂದು ಶುರುಮಾಡಿದರು. ಅಣ್ಣನ ಕತ್ತಿನ ನರ ಉಬ್ಬಿತು, ದನಿ ಏರಿತು. ಸಾಕು ಮಾಡಿ ಎನ್ನಲು ನಾನು ಅಡುಗೆಮನೆಯಿಂದ ಬಂದೆ. ಅನ್ನಲಿಲ್ಲ. ಬಾಗಿಲಲ್ಲೇ ನಿಂತು, ಅವನ ಬಾಯಿಂದ ಬರುವ ಒಂದೊಂದು ಶಬ್ದವನ್ನೂ ಕೇಳುತ್ತಿದ್ದೆ.

ಅಣ್ಣ ಈಗ ಮೊಳಕಾಲ್ಮೂರಿನಲ್ಲಿದ್ದಾನೆ. ಸೀರೆ ನೇಯುವಷ್ಟು ಬಲ ಕೈಗೆ ಮರಳಿಲ್ಲ. ನೂಲು ಸುತ್ತುವ ಕೆಲಸ ಮಾಡುತ್ತಾನೆ, ಕನ್ನಡ ಬಹುಪಾಲು ಬಂದಿದೆ. ದಿನಾ ಬೆಳಿಗ್ಗೆ ನಾನು ಕೆಲಸ ಮಾಡುವ ಶಾಲೆಗೆ ಹೊರಡುವ ಮುಂಚೆ ಏನಾದರೂ ನೆಪ ಮಾಡಿ ಅವನಿಗೆ ಫೋನ್ ಮಾಡುತ್ತೇನೆ. ರಿಂಗಾಗುತ್ತದೆ, ಅವನು ಎತ್ತುತ್ತಾನೆ, ಮಾತಾಡುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾನೆ. ಅಷ್ಟು ಹೊತ್ತೂ ನಾನು ಗೋಡೆ ಹಿಡಿದು ನಿಂತಿರುತ್ತೇನೆ.