ಶಹಾಬಾದ್ ಕಲ್ಲಿನ ಮೇಲೆ ದುರ್ಬೀನು

ಮೊಮ್ಮಗಳು ತನ್ನ ದುರ್ಬೀನಿಗೆ ಹೊಸ ಸ್ಟ್ಯಾಂಡ್ ಜೋಡಿಸುವುದನ್ನು ನೋಡುತ್ತಾ ಕೂತಾಗ ನಿಜಾಮರ ಕಾಲದ ವಾಡಿ ನೆನಪಾಯಿತು.

ಅಪ್ಪ ಅಲ್ಲಿನ ಸ್ಟೇಷನ್ನಿನಲ್ಲಿ ತಾರು ಸಂದೇಶ ಕಳಿಸುವ ಕೆಲಸದಲ್ಲಿದ್ದ. ಅವನ ಹಿತ್ತಾಳೆ ದುರ್ಬೀನು ಮೂರು ಕಟ್ಟಿಗೆ ಕಾಲಿನ ಮೇಲೆ ನಿಂತಿತ್ತು. ಸಣ್ಣ ಗಾಳಿ ಬೀಸಿದರೂ ಅಲುಗುತ್ತಿತ್ತು.

"ಶನಿ ಉಂಗುರ ಕಾಣವಲ್ದಪ್ಪಾ, ಬರೇ ನಡಗಲಿಕತ್ತದ," ಅಂತ ಜ್ವರದಲ್ಲಿದ್ದ ಅಕ್ಕ ಅತ್ತಳು.

"ತಡಿಯವ್ವಾ, ಕಲ್ಲಿನ ಕಂಬಾನೇ ನಿಂದ್ರಸ್ತೀನಿ," ಅಂದ ಅಪ್ಪ.

ಶಹಾಬಾದಿನಿಂದ ಕಲ್ಲು ತರಿಸಿ, ತಾನೇ ಅಂಗಳದಲ್ಲಿ ಗುಂಡಿ ತೋಡಿ ಗಾರೆ ಹಾಕಿ ನಿಲ್ಲಿಸಿದ. ಗಾರೆ ಒಣಗುವ ಮೊದಲೇ ಅಕ್ಕ ತೀರಿಕೊಂಡಳು.

ಮುಂದೊಂದು ಸಂಜೆ ಅಪ್ಪ ದುರ್ಬೀನನ್ನು ಕಂಬಕ್ಕೆ ಬಿಗಿದು ನನ್ನನ್ನು ಎತ್ತಿ ಹಿಡಿದ. ಉಂಗುರ ಚೂರೂ ಅಲುಗದೆ ಸ್ಪಷ್ಟವಾಗಿ ಕಂಡಿತು.

"ಕಾಣ್ತದೇನು?"

ಅಕ್ಕ ನೋಡದ್ದನ್ನು ನಾನು ನೋಡಿದೆ ಎನ್ನಲು ಬಾಯಿ ಬರಲಿಲ್ಲ. "ಇಲ್ಲ," ಅಂದೆ.

ಕಂಬವೂ ಕೆಲಸಕ್ಕೆ ಬರಲಿಲ್ಲವೆಂದುಕೊಂಡು, ತಾನೊಮ್ಮೆ ಇಣುಕಿಯೂ ನೋಡದೆ, ಅಪ್ಪ ಮತ್ತೆಂದೂ ದುರ್ಬೀನು ಮುಟ್ಟಲಿಲ್ಲ. ಅದು ಸುಳ್ಳೆಂದು ಇವತ್ತೇ ಮೊದಲ ಸಲ ಹೇಳುತ್ತಿದ್ದೇನೆ.