ಜಿಂಕೆ ಹೊರಟರೆ ಚಹಾ

ಸೆಪ್ಟೆಂಬರಿನಲ್ಲಿ ಜಿಂಕೆಗಳು ನನ್ನಂತೆಯೇ ಇದ್ದವು. ಸಂಜೆ ಆರು ಹತ್ತಕ್ಕೆ ಕಾಡಿನಂಚಿನಿಂದ ಬಂದು, ಬಿದ್ದ ಸೇಬು ತಿಂದು, ಏಳಕ್ಕೆ ಹೊರಟುಬಿಡುತ್ತಿದ್ದವು. ಹತ್ತು ದಿನ ಬರೀ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹನ್ನೊಂದನೆಯ ದಿನ ಅಟ್ಟಣೆ ಹತ್ತಿ, ಬಂದೂಕಿನಂತೆ ಹಿಡಿಯುವ ಬಿಲ್ಲು, ಕ್ರಾಸ್‌ಬೋ, ಎತ್ತಿದೆ. ಆ ತಿಂಗಳಲ್ಲಿ ಎರಡು ಹೆಣ್ಣುಜಿಂಕೆ ಸಿಕ್ಕವು. ಮುದ್ದೆಗೆ ಸಾರಾಯಿತು.

ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು ನಾನು. ಆಮೇಲೆ ಅಮೆರಿಕಕ್ಕೆ ಬಂದು ಪ್ರಿನ್ಸ್‌ಟನ್ ಬಳಿಯ ಔಷಧ ಕಂಪನಿಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದೆ. ಬರೆದಿಡದ ಕೆಲಸ ನಡೆದೇ ಇಲ್ಲ ಎಂಬುದು ಅಲ್ಲಿನ ನಿಯಮ. ರಿಟೈರ್ ಆದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಆ ಸೇಬಿನ ತೋಟ ಒಬ್ಬ ಅಮೆರಿಕನ್ ಮುದುಕಿಯದು. ಅಲ್ಲಿ ಬೇಟೆಯಾಡಲು ಆಕೆ ವರ್ಷಕ್ಕೊಮ್ಮೆ ಸಹಿ ಮಾಡಿದ ಅನುಮತಿ ಪತ್ರ ಬೇಕು. ಶರತ್ಕಾಲದ ಮಾಂಸ ನಿಮ್ಮ ಖುಷಿಗೆ, ನನಗೆ ಬೇಕಿರುವುದು ಚಳಿಗಾಲದ್ದು ಎಂದು ಆಕೆ ಮೊದಲೇ ಹೇಳಿದ್ದರು. ಹಿಮ ಬಿದ್ದಾಗ ಜಿಂಕೆಗಳು ಎಳೆಯ ಸೇಬಿನ ಗಿಡಗಳ ಮೊಗ್ಗು ತಿಂದುಹಾಕುತ್ತವೆ. ಜನವರಿಯ ಕೊನೆಗೆ ಬೇಟೆಯ ಸೀಸನ್ ಮುಗಿಯುವುದರೊಳಗೆ ಚಳಿಗಾಲದಲ್ಲಿ ಒಂದಾದರೂ ಬೀಳದಿದ್ದರೆ ಮುಂದಿನ ವರ್ಷ ತೋಟ ಬೇರೆಯವರಿಗೆ. ಎಪ್ಪತ್ತೆರಡರ ನನಗೆ ಹೊಸ ಜಾಗ ಯಾರು ಕೊಡುತ್ತಾರೆ?

ಜನವರಿ ಪೂರ್ತಿ ಹೋದೆ. ಎರಡು ಗಂಟೆಗೆ ಮನೆ ಬಿಟ್ಟು, ಎರಡೂವರೆಗೆ ಆಕೆಯ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸಿ, ಆಕೆ ಕೊಟ್ಟ ಚಹಾ ಕುಡಿದು, ಮೂರಕ್ಕೆ ಅಟ್ಟಣೆಯ ಮೇಲಿರುತ್ತಿದ್ದೆ. ಚಹಾ ಯಾವಾಗಲೂ ಬಿಸಿಬಿಸಿಯಾಗಿ ಕಾದಿರುತ್ತಿತ್ತು. ಶಿಸ್ತಿನ ಹೆಂಗಸು ಎಂದು ಮೆಚ್ಚಿಕೊಂಡಿದ್ದೆ. ಜಿಂಕೆ ಮಾತ್ರ ಒಂದೂ ಇಲ್ಲ. ಹಿಮದಲ್ಲಿ ಹೊಸ ಹೆಜ್ಜೆಗಳು, ತುದಿ ಕಚ್ಚಿದ ಗಿಡಗಳು. ಗಾಳಿಯ ದಿಕ್ಕು ಬರೆದೆ, ಚಳಿ ಎಷ್ಟೆಂದು ಬರೆದೆ. ಏನೂ ಅರ್ಥವಾಗಲಿಲ್ಲ.

ಕೊನೆಯ ವಾರದ ಗುರುವಾರ ಹೆಂಡತಿ ಅಡುಗೆಮನೆಯ ಕ್ಯಾಲೆಂಡರ್ ತೋರಿಸಿದಳು.

"ರೀ, ಗುರುವಾರ ಒಂದೂವರೆಯಿಂದ ಮೂರರ ತನಕ ರಾಹುಕಾಲ. ಪ್ರತಿ ವಾರ ಸರಿಯಾಗಿ ಅದರಲ್ಲೇ ಹೊರಡ್ತೀರ. ಇವತ್ತಾದ್ರೂ ಮುಂಚೆ ಹೋಗಿ."

"ಮಿಕ್ಕ ದಿನ ಎರಡು ಗಂಟೆಗೆ ರಾಹುಕಾಲ ಇರ್ಲಿಲ್ವಲ್ಲ, ಆಗ್ಲೂ ಸಿಗ್ಲಿಲ್ಲ."

"ಅದನ್ನ ನಿಮ್ಮ ನೋಟ್‌ಬುಕ್ಕನ್ನೇ ಕೇಳಿ."

ಜಗಳ ಬೇಡವೆಂದು ಹನ್ನೆರಡೂವರೆಗೇ ಹೊರಟೆ. ಒಂದು ಗಂಟೆಗೆ ತೋಟದ ತಿರುವು ದಾಟಿದರೆ, ಹಾಡಹಗಲಲ್ಲಿ ಐದು ಜಿಂಕೆಗಳು ನನ್ನ ಅಟ್ಟಣೆಯ ಬುಡದಲ್ಲೇ ನಿಂತು ಮೇಯುತ್ತಿದ್ದವು. ಕ್ರಾಸ್‌ಬೋ ಡಿಕ್ಕಿಯಲ್ಲಿತ್ತು. ಅವು ತಲೆಯೆತ್ತಿ ನನ್ನನ್ನು ನೋಡಿ, ಗಡಿಬಿಡಿಯಿಲ್ಲದೆ ಕಾಡು ಸೇರಿದವು.

ತೋಟದ ಮನೆಯ ಬಾಗಿಲು ತೆರೆದ ಆಕೆಗೂ ಆಶ್ಚರ್ಯ. ಚಹಾ ಆಗಿರಲಿಲ್ಲ. ಜಿಂಕೆಗಳು ದಿನವೂ ಈ ಹೊತ್ತಿಗೆ ಬರುತ್ತವೆಯೇ ಎಂದು ಕೇಳಿದೆ. ಹನ್ನೊಂದರಿಂದ ಇಲ್ಲೇ ಇರುತ್ತವೆ, ನಿಮಗೆ ಗೊತ್ತಿಲ್ಲವೇ ಎಂದರು.

"ಅವು ಹೊರಟ ಕೂಡಲೇ ನಾನು ನೀರು ಕಾಯಿಸಲು ಇಡುತ್ತೇನೆ. ಹತ್ತು ನಿಮಿಷದಲ್ಲಿ ನೀವು ಬರುತ್ತೀರಿ. ಗಡಿಯಾರ ನೋಡುವ ಕೆಲಸವೇ ಇಲ್ಲ."

ಹತ್ತು ನಿಮಿಷ ಮುಂಚೆ ಎಂದರೆ ನನ್ನ ಕಾರು ಇನ್ನೂ ಮೈಲಿಗಟ್ಟಲೆ ದೂರದಲ್ಲಿರುತ್ತದೆ. ಸದ್ದಾಗಲಿ ವಾಸನೆಯಾಗಲಿ ಅಷ್ಟು ದೂರ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ನಾನು ಅವುಗಳ ವೇಳೆ ಬರೆದುಕೊಂಡೆ. ಚಳಿಗಾಲದಲ್ಲಿ ಅವು ನನ್ನದನ್ನು ಕಲಿತಿದ್ದವು. ಹಾಗೆಂದುಕೊಂಡೆ, ಆದರೆ ಪೂರ್ತಿ ನಂಬಲಾಗಲಿಲ್ಲ.

ಉಳಿದದ್ದು ಎರಡು ದಿನ. ವೇಳೆ ತಪ್ಪಿಸಿ ಹೋಗಬೇಕೆಂದು ಕಾಗದ ತೆಗೆದು, ಯಾವ ದಿನ ಎಷ್ಟು ತಪ್ಪಿಸಬೇಕೆಂದು ಪಟ್ಟಿ ಬರೆಯತೊಡಗಿದೆ. ಹೆಂಡತಿ ನಕ್ಕು ಕಾಗದ ಕಿತ್ತುಕೊಂಡಳು. ಶುಕ್ರವಾರ ಬೆಳಿಗ್ಗೆ ಕಾಫಿ ಮುಗಿಯುವ ಮೊದಲೇ, "ಈಗ್ಲೇ ಹೊರಡಿ, ಕೇಳ್ಬೇಡಿ" ಎಂದಳು. ಕಾರನ್ನು ರಸ್ತೆಯಲ್ಲೇ ಬಿಟ್ಟು, ತೋಟದ ಹಿಂದಿನಿಂದ ನಡೆದು ಒಂಬತ್ತಕ್ಕೆ ಅಟ್ಟಣೆ ಹತ್ತಿದೆ. ಹನ್ನೊಂದು ದಾಟಿದ ಮೇಲೆ ದೊಡ್ಡ ಹೆಣ್ಣುಜಿಂಕೆ ಇಪ್ಪತ್ತು ಗಜದೊಳಗೆ ಬಂತು. ಒಂದೇ ಬಾಣ. ವೇಳೆ ಬರೆದೆ. ಕಾರಣ ಬರೆಯಲು ತಿಳಿಯಲಿಲ್ಲ, ರಾಹುಕಾಲಕ್ಕೆ ಮುಂಚೆ ಹೊರಟದ್ದೆಂದು ಬರೆಯಲು ನಾಚಿಕೆಯಾಯಿತು.

ಶನಿವಾರ, ಕೊನೆಯ ದಿನ, ಯಾರನ್ನೂ ಕೇಳದೆ ಶುಕ್ರವಾರದಂತೆ ಒಂಬತ್ತಕ್ಕೇ ಹೋದೆ. ಒಮ್ಮೆ ಗೆದ್ದದ್ದಲ್ಲವೇ. ಹನ್ನೊಂದಕ್ಕೆ ಬರಬೇಕಾದ ಜಿಂಕೆಗಳು ಆಗಲೇ ಬಂದು ಮೇದು ಮುಗಿಸಿದ್ದವು, ಹಿಮದಲ್ಲಿ ಆಗಷ್ಟೇ ಮೂಡಿದ ಹೆಜ್ಜೆಗಳು ಕಾಡಿನತ್ತ ಹೋಗಿದ್ದವು. ತೋಟದ ಮನೆಯ ಕಿಟಕಿಯಿಂದ ಆಕೆ ಕೈಬೀಸಿ ಕರೆದರು. ಮೇಜಿನ ಮೇಲೆ ಮುಂದಿನ ವರ್ಷದ ಪತ್ರವಿತ್ತು, ಸಹಿಯಾಗಿತ್ತು. ಅದರ ಪಕ್ಕದಲ್ಲಿ ಚಹಾ, ಇನ್ನೂ ಹಬೆಯಾಡುತ್ತಿತ್ತು.