ಕರೆಂಟು ಕಡಿಮೆ ಇದ್ದಂಗ ಬೀಸು

ಇಚಲಕರಂಜಿಯ ಶಹಾಪುರದಲ್ಲಿ ರತ್ನಮಾಲಾಳ ದನಿ ಕೇಳದವರಿಲ್ಲ. ಮದುವೆಯಾಗಿ ಬಂದಾಗಿನಿಂದ ಪವರ್‌ಲೂಮ್ ಶೆಡ್ಡು ನಡೆಸಿದವಳು. ಮಗ್ಗಗಳ ಗದ್ದಲದ ಮೇಲೆ ಮಾತಾಡಿ ಮಾತಾಡಿ, ಊಟದ ಹೊತ್ತಿಗೆ ಅವಳು ಉಪ್ಪು ಕೇಳಿದರೆ ಪಕ್ಕದ ಮನೆಯವರೂ ಡಬ್ಬಿ ಹುಡುಕುವಂತಾಗಿತ್ತು.

ಮನೆಗೆ ಗಾಲ್ಫ್ ತಂದವನು ಗಂಡ ಬಾಳಗೊಂಡ. ಮುಂಬಯಿಯ ಬಟ್ಟೆ ವ್ಯಾಪಾರಿಯೊಬ್ಬನ ಸ್ನೇಹಕ್ಕಾಗಿ ಆಟ ಕಲಿಯಹೊರಟಿದ್ದ. ಕಲಿಸುವವಳು ರತ್ನಮಾಲಾಳ ಅಣ್ಣನ ಮಗಳು ಪ್ರಿಯದರ್ಶನಿ; ಕೊಲ್ಲಾಪುರದ ಹೊರಗಿನ ಮೈದಾನವೊಂದರಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಒಂದು ರವಿವಾರ ಸುಮ್ಮನೆ ನೋಡಲು ಹೋದ ರತ್ನಮಾಲಾ, ಗಂಡನ ಚೆಂಡು ಬೇಲಿ ಹಾರಿ ಕಬ್ಬಿನೊಳಗೆ ಬಿದ್ದದ್ದು ಕಂಡು, "ಇಷ್ಟೇನ? ಕೊಡ್ರಿ ಇಲ್ಲೆ" ಎಂದು ಕೋಲು ಕಸಿದುಕೊಂಡಳು.

ಪ್ರಿಯದರ್ಶನಿ 'ಟೀ' ಎಂಬ ಕಟ್ಟಿಗೆಯ ಪುಟ್ಟ ಗೂಟವನ್ನು ನೆಲಕ್ಕೆ ಚುಚ್ಚಿ ಅದರ ಮೇಲೆ ಚೆಂಡಿಟ್ಟಳು. ರತ್ನಮಾಲಾ ಸೆರಗು ಸಿಗಿಸಿ ಬೀಸಿದಳು. ಗೂಟ ಹಾರಿತು, ಮಣ್ಣು ಹಾರಿತು. ಚೆಂಡು ಇದ್ದಲ್ಲೇ ತೊಪ್ಪನೆ ಬಿತ್ತು.

ಬಾಳಗೊಂಡ ನಗಲಿಲ್ಲ. ನಗದಿರಲು ಮಾತ್ರ ಬೇರೆ ಕಡೆ ನೋಡಬೇಕಾಯಿತು. ಅಷ್ಟು ಸಾಕಾಯಿತು ಅವಳಿಗೆ. ಮುಂದಿನ ರವಿವಾರ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗಂಡನಿಗಿಂತ ಮೊದಲೇ ಕಾರಿನಲ್ಲಿ ಕೂತಿದ್ದಳು.

"ಆತ್ಯಾ, ಕೋಲಿನ ಕುತ್ತಿಗಿ ಯಾಕ ಹಿಸಕಾಕತ್ತಿ? ಕೈ ಸಡ್ಲ ಬಿಡು. ಚೆಂಡು ಎಡಗಾಲಿನ ಹಿಮ್ಮಡಿ ಎದುರಿಗೆ ಇರ್ಲಿ. ಹೊಡಿಯೂ ಮುಂದ ತಲಿ ಎತ್ತಬ್ಯಾಡ," ಎಂದು ಪ್ರಿಯದರ್ಶನಿ ಸೋದರತ್ತೆಗೆ ಪಾಠ ಶುರು ಮಾಡಿದಳು.

"ಎತ್ತಲಿಲ್ಲಂದ್ರ ಎಲ್ಲಿ ಹೋತು ಅಂತ ಹ್ಯಾಂಗ ಗೊತ್ತಾಗ್ತೈತಿ?"

"ನಾ ಹೇಳ್ತೇನಿ."

"ನೀ ಸುಳ್ಳ ಹೇಳಿದ್ರ?"

ಕೈ ಸಡಿಲಾಯಿತು, ತಲೆಯೂ ಬಗ್ಗಿತು. ಆದರೂ ಚೆಂಡು ನೆಟ್ಟಗೆ ಹೋಗಲೊಲ್ಲದು. ಅವಳು ಕೋಲೆತ್ತಿದರೆ ಸುತ್ತಲಿನವರೆಲ್ಲ ಆಟದ ರೀತಿಯಂತೆ ಮೌನವಾಗುತ್ತಿದ್ದರು. ಅದೇ ಅವಳನ್ನು ಗಾಬರಿಗೊಳಿಸುತ್ತಿತ್ತು. "ಎಲ್ಲಾರೂ ಯಾಕ ಸುಮ್ನ ಆಗ್ತಾರ? ಶೆಡ್ಡ ಹಿಂಗ ಸುಮ್ನಾದ್ರ ಏನೋ ಕೆಟ್ಟೈತಿ ಅಂತ ಅರ್ಥ" ಎಂದು ಅವಸರವಾಗಿ ಬೀಸಿಬಿಡುತ್ತಿದ್ದಳು.

ಪ್ರಿಯದರ್ಶನಿ ಯೋಚಿಸಿದಳು. "ಹಂಗಾರ ಮಗ್ಗದ ಸಪ್ಪಳ ಬಾಯಾಗ ಮಾಡಕೋತ ಹೊಡಿ."

ರತ್ನಮಾಲಾ "ಖಟಖಟಖಟ" ಎಂದು ಮೂರು ಸಲ ಗಾಳಿಯನ್ನೇ ಹೊಡೆದಳು.

"ಇಷ್ಟ ಜೋರ ಬ್ಯಾಡ! ಕರೆಂಟ ಕಡಿಮಿ ಇದ್ದಾಗ ಹ್ಯಾಂಗ ನಡೀತೈತಿ?"

"ಖ...ಟ್ಟಾ" ಎನ್ನುತ್ತ ಕೋಲು ನಿಧಾನ ಹಿಂದಕ್ಕೆ ಹೋಯಿತು. "ಖಟ್!" ಎನ್ನುವಾಗ ಇಳಿಯಿತು. ಚೆಂಡು ಎದ್ದು, ನೆಟ್ಟಗೆ ಹೋಗಿ, ಜಾಲಿಯ ಗಿಡದಾಚೆ ಬಿತ್ತು. ರತ್ನಮಾಲಾ ಇನ್ನೂ ನೆಲ ನೋಡುತ್ತ, "ಎಲ್ಲಿ ಹೋತು? ಯಾರರ ಹೇಳ್ರಲಾ!" ಎಂದು ಕೂಗಿದಳು.

"ಗಾಳಿ ಇತ್ತು" ಎಂದ ಬಾಳಗೊಂಡ.

ಗಾಳಿ ಇಲ್ಲದ ದಿನವೂ ಚೆಂಡು ಅಲ್ಲಿಯೇ ಬೀಳತೊಡಗಿದಾಗ ಅವನು ಪ್ರಿಯದರ್ಶನಿಯನ್ನು ಬದಿಗೆ ಕರೆದು, "ನನಗೂ ಅದನ್ನ ಕಲಸವಾ" ಎಂದ.

"ಮಾಮಾ, ಅದು ಆತ್ಯಾನ ಕಡೇನ ಕಲೀಬೇಕ್ರಿ."

ಎರಡು ವಾರ ಮುನಿಸಿಕೊಂಡಿದ್ದು, ಕೊನೆಗೆ ಹೆಂಡತಿಯ ಕಡೆಯೇ ಕಲಿತ.

ದೀಪಾವಳಿಯ ಮುಂದೆ ಹೊಸಬರ ಪಂದ್ಯದಲ್ಲಿ ರತ್ನಮಾಲಾ ಮೂರನೆಯವಳಾದಳು, ಬಾಳಗೊಂಡ ಒಂಬತ್ತನೆಯವ. ಮರುದಿನ ಶಹಾಪುರದ ಚಹದಂಗಡಿಯಲ್ಲಿ ಯಾರೋ ಪಂದ್ಯದ ಸುದ್ದಿ ತೆಗೆದರು. "ನಮ್ಮ ಮನಿಗೆ ಮೂರನೇ ನಂಬರ ಬಂತ್ರಿ" ಎಂದು ಬಾಳಗೊಂಡ ಮೀಸೆ ನೇವರಿಸಿ, ಎಲ್ಲರಿಗೂ ಚಹ ಹೇಳಿದ.